ಆ ಬಸ್ಸು ತಾನಾಗಿ ಹೋಗಲಿಲ್ಲ

ಬಸ್ಸು ತಾನಾಗಿ ಹೋಗಲಿಲ್ಲ. ನಾನು ಒತ್ತಿದೆ.

ನನ್ನ ಬಲಗಾಲು, ನನ್ನ ಚಪ್ಪಲಿ — ಆ ಸೀಟಿನ ಹತ್ತಿರ ಬೇರೆ ನರಪಿಳ್ಳೆಯೂ ಇರಲಿಲ್ಲ. ಕುಷಾಯಿಗೂಡದ ನಮ್ಮ ಶಾಲೆಯ ಅಂಗಳದಲ್ಲಿ ಆಯುಧಪೂಜೆಯ ದಿನ ಹೊಸ ಬ್ಯಾಟರಿ ಬಸ್ಸು ಜಿಗಿದು ಗೇಟಿನ ಕಂಬಕ್ಕೆ ಗುದ್ದಿತು. ಅದು ತಾನಾಗಿ ಹೋಯಿತೆಂದು ಅಂದು ನಾನು ಹೇಳಿದ್ದು ಸುಳ್ಳು. ಕಾಲು ತಪ್ಪಿದ್ದನ್ನು ಯಾರಾದರೂ ಕ್ಷಮಿಸುತ್ತಿದ್ದರೋ ಏನೋ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಆ ಒಂದು ಮಾತಿನಿಂದ ಶಾಲೆಗೆ ಬರಬೇಕಿದ್ದ ಬಸ್ಸುಗಳು ಬರಲಿಲ್ಲ, ಅವುಗಳಿಗಾಗಿ ಓಡಾಡಿದ ಹೆಣ್ಣುಮಗಳೊಬ್ಬಳು ಕೆಲಸ ಬಿಟ್ಟು ಹೋಗಬೇಕಾಯಿತು.

ನಾನು ಶರಣಪ್ಪ, ಹುಮನಾಬಾದ್ ಕಡೆಯವನು. ಹೈದರಾಬಾದಿಗೆ ಬಂದು ಮೊದಲು ಮರಳಿನ ಲಾರಿ, ಆಮೇಲೆ ಶಾಲೆಯ ಬಸ್ಸು ಓಡಿಸಿದೆ. ಸ್ಟೀರಿಂಗ್ ಹಿಡಿದು ಮೂವತ್ತು ವರ್ಷದ ಮೇಲಾಯಿತು. ಒಂದು ಕೋಳಿಮರಿಗೂ ಗಾಲಿ ತಾಗಿಸಿದವನಲ್ಲ ಎಂದು ಚಹಾದಂಗಡಿಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಅದು ನಿಜವೇ. ಆದರೆ ಕೇಳಿದವರಿಗೂ ಕೇಳದವರಿಗೂ ಹೇಳಿ ಹೇಳಿ, ನನ್ನ ಕೈಯಿಂದ ತಪ್ಪು ಆಗುವುದೇ ಸಾಧ್ಯವಿಲ್ಲ ಎಂದು ನಾನೇ ನಂಬಿಬಿಟ್ಟಿದ್ದೆ. ಇನ್ನೊಂದು ಜಂಬವೂ ಇತ್ತು. ಇಂಜಿನ್ನಿನ ಸದ್ದು ಕೇಳಿಯೇ ಗಾಡಿಗೆ ಏನಾಗಿದೆ ಎಂದು ಹೇಳುತ್ತಿದ್ದೆ. ಓಡಿಸುವಾಗ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಿದ್ದೆ.

ಬಸ್ಸುಗಳ ಉಸ್ತುವಾರಿ ಸುನಂದಾ ಅಕ್ಕಾರದು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾರ ಎಂದೇ ಕರೆಯುವುದು. ಅವರು ಆಳಂದದವರು, ಹಿಂದಿ ಕಲಿಸುತ್ತಿದ್ದರು. ಶಾಲೆಯಲ್ಲೆಲ್ಲ ತೆಲುಗು, ನಾವಿಬ್ಬರು ಎದುರಾದಾಗ ಮಾತ್ರ ಕನ್ನಡ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನನ್ನನ್ನು ಅಣ್ಣಾ ಎನ್ನುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿದ ದಿನ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಾಗದದಲ್ಲಿ ಸುತ್ತಿ ನನಗಾಗಿ ತರುತ್ತಿದ್ದರು. ಇಷ್ಟು ತೆಳ್ಳಗೆ ಹೇಗೆ ಬಡಿಯುತ್ತಾರೆ ಎಂದು ನನ್ನ ಹೆಂಡತಿ ಕಾಶಮ್ಮನೇ ಬೆರಗಾಗುತ್ತಿದ್ದಳು.

ಒಂದು ದಿನ ಅವರು ನನ್ನ ಬಸ್ಸಿನ ಕೊನೆಯ ಸೀಟಿನಲ್ಲಿ ಮಕ್ಕಳ ನಡುವೆ ಕೂತು ಬಂದರು. ಇಳಿದವರೇ ತಮ್ಮ ಕರವಸ್ತ್ರವನ್ನು ನನ್ನ ಮುಂದೆ ಹಿಡಿದರು. ಮೂಗು ಒರೆಸಿಕೊಂಡ ಜಾಗ ಕಪ್ಪಾಗಿತ್ತು. ಹಳೆಯ ಬಸ್ಸು, ಹಿಂದಿನ ತಗಡು ತುಕ್ಕು ಹಿಡಿದು ತೂತಾಗಿ ಹೊಗೆ ಒಳಗೇ ಬರುತ್ತಿತ್ತು. ಮುಂದೆ ಕೂತವನಿಗೆ ನನಗೇನು ಗೊತ್ತಾಗಬೇಕು ಎಂದೆ. ಗೊತ್ತಿತ್ತು. ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ — ಹಿಂದಿನ ಸೀಟಿನ ಮಕ್ಕಳು ಮೂಗಿಗೆ ಟೈ ಒತ್ತಿಕೊಂಡು ಕೂರುವುದು ನನ್ನ ಕನ್ನಡಿಯಲ್ಲಿ ದಿನಾ ಕಾಣುತ್ತಿತ್ತು.

ಆಗಲೇ ಸರ್ಕಾರದ ಯೋಜನೆಯೊಂದು ಅವರ ಕಿವಿಗೆ ಬಿತ್ತು. ಶಾಲೆ ತನ್ನ ಹಳೆಯ ಡೀಸೆಲ್ ಬಸ್ಸುಗಳನ್ನು ಗುಜರಿಗೆ ಒಪ್ಪಿಸಿದರೆ, ಬ್ಯಾಟರಿ ಬಸ್ಸು ಕೊಳ್ಳಲು ಸರ್ಕಾರ ದೊಡ್ಡ ಪಾಲು ನೆರವು ಕೊಡುತ್ತದೆ. ಅಕ್ಕಾರ ಹಿಡಿದ ಹಟ ಬಿಡುವವರಲ್ಲ. ಶಾಲೆ ಮುಗಿಸಿ ನಾಂಪಲ್ಲಿಗೆ ಹೋಗುವುದು, ಕಚೇರಿಯಿಂದ ಕಚೇರಿಗೆ ಮೆಟ್ಟಿಲು ಹತ್ತಿಳಿಯುವುದು, ನಾಳೆ ಬನ್ನಿ ಎಂದರೆ ನಾಳೆಯೂ ಹೋಗುವುದು. ಕೊನೆಗೊಂದು ದಿನ ಜಿಲೇಬಿ ಪೊಟ್ಟಣ ಹಿಡಿದು ಗೇಟಿನಿಂದಲೇ ಕೂಗಿದರು.

"ಅಣ್ಣಾ, ನಮ್ಮ ಶಾಲಿ ಹೆಸರು ಬಂತ್ರೀ! ಮೊದ್ಲು ಒಂದ್ ಬಸ್ ಕೊಡ್ತಾರ, ಓಡ್ಸಿ ನೋಡಾಕ. ನಮ್ಮವ್ರು ಹೂಂ ಅಂದ್ರ ಉಳಿದವೂ ಬರ್ತಾವ."

ಜಿಲೇಬಿ ತಿಂದೆ. ಸಿಹಿ ಅನ್ನಿಸಲಿಲ್ಲ. ಗುಜರಿಗೆ ಮೊದಲು ಹೋಗುವುದು ನನ್ನದೇ ಬಸ್ಸು, ಅದರ ಹಿಂದೆ ನಾನೂ ಹೋಗುತ್ತೇನೆ ಎನ್ನಿಸಿತು.

ಹೊಸ ಬಸ್ಸು ಬಂದದ್ದು ದಸರೆಯ ರಜೆಯಲ್ಲಿ. ಶಾಲೆಯ ಯಜಮಾನರಾದ ಕರೆಸ್ಪಾಂಡೆಂಟ್ ಸಾರ್, ಆಯುಧಪೂಜೆ ಮಾಡಿಯೇ ರಸ್ತೆಗೆ ಇಳಿಸೋಣ ಎಂದರು. ಗಾಡಿಗೆ ಪೂಜೆ ಎಂದರೆ ನಮ್ಮಲ್ಲಿ ಮುಂದಿನ ಎರಡೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಆರತಿಯಾದ ಮೇಲೆ ಹಿರಿಯ ಡ್ರೈವರ್ ಗಾಡಿ ಮುಂದೆ ಸರಿಸಿ ಅವನ್ನು ಒಡೆಯುತ್ತಾನೆ. ಹಿರಿಯ ಡ್ರೈವರ್ ನಾನೇ. ಬೆಳಿಗ್ಗೆ ಬಸ್ಸಿನ ಕಂಪನಿಯ ಇಂಜಿನಿಯರ್ ನನ್ನನ್ನು ಕೂರಿಸಿಕೊಂಡು ಏನೇನೋ ತೋರಿಸಿದ. ನನ್ನ ಮಗನ ವಯಸ್ಸಿನವನು. ಹಸಿರು ದೀಪ ಹತ್ತಿದರೆ ಗಾಡಿ ಚಾಲೂ ಆಗಿದೆ ಅಂತ, ಸದ್ದು ಬರುವುದಿಲ್ಲ, ಬ್ರೇಕಿನಿಂದ ಕಾಲು ತೆಗೆಯಬೇಡಿ — ಹೀಗೆ ಹಿಂದಿಯಲ್ಲಿ ಹೇಳುತ್ತಲೇ ಇದ್ದ. ನಾನು ಹೂಂ ಹೂಂ ಎನ್ನುತ್ತ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅಜ್ಜನಿಗೆ ಮೊಮ್ಮಗ ಕೆಮ್ಮು ಕಲಿಸಿದಂತೆ ಎಂದು ಮನಸ್ಸಿನಲ್ಲೇ ನಕ್ಕೆ.

ಪೂಜೆ ಶುರುವಾಯಿತು. ಮಕ್ಕಳು ಇರಲಿಲ್ಲ, ಅದೊಂದು ಪುಣ್ಯ. ಬಸ್ಸಿಗೆ ಚೆಂಡುಹೂವಿನ ಮಾಲೆ, ಗಾಜಿಗೆ ಕುಂಕುಮ. ಸುನಂದಾ ಅಕ್ಕಾರ ಇಳಕಲ್ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಮುಂದೆ ನಿಂತಿದ್ದರು. ನಾನು ಹತ್ತಿ ಕೂತು ಕೀಲಿ ತಿರುಗಿಸಿದೆ. ಸದ್ದಿಲ್ಲ. ಕೈಬ್ರೇಕು ಇಳಿಸಿದೆ, ಗೇರಿನ ಗುಂಡಿ ತಿರುಗಿಸಿದೆ. ಸದ್ದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಚಳಿಗೆ ಇಂಜಿನ್ ಹಿಡಿಯದಿದ್ದರೆ ನಾವು ಏನು ಮಾಡುತ್ತೇವೆ? ಕ್ಲಚ್ಚು ತುಳಿದು ರೇಸ್ ಕೊಡುತ್ತೇವೆ. ನನ್ನ ಎಡಗಾಲು ಅಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿತು. ಬಲಗಾಲು ಎಕ್ಸಲರೇಟರನ್ನು ಪೂರಾ ಒತ್ತಿತು.

ಹೊಡೆದ ಎತ್ತಿನ ಹಾಗೆ ಬಸ್ಸು ಜಿಗಿಯಿತು. ತಟ್ಟೆ ಹಾರಿದ್ದು ಕಂಡೆ, ಅಕ್ಕಾರ ಪಕ್ಕಕ್ಕೆ ಬಿದ್ದದ್ದು ಕಂಡೆ, ಕಂಬ ಎದುರಿಗೆ ಬಂತು. ಆಗ ಬ್ರೇಕು ತುಳಿದೆ.

ಇಳಿದೆ. ಕರೆಸ್ಪಾಂಡೆಂಟ್ ಸಾರ್ ಓಡಿ ಬಂದು "ಏಮೈಂದಿ ಶರಣಪ್ಪಾ?" ಎಂದು ಕೂಗಿದರು. ಏನಾಯಿತು ಎಂದರೆ — ಏನಾಯಿತು ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. "ದಾನಂತಟ ಅದೇ ಪೋಯಿಂದಿ ಸಾರ್." ತಾನಾಗಿ ಹೋಯಿತು. ಇಂಜಿನಿಯರ್ ಬಂದು, ಒತ್ತದೆ ಇದು ಹೋಗುವುದಿಲ್ಲ, ಯಾರೋ ಒತ್ತಿರಬೇಕು ಎಂದ. ಅವನಿಗೆ ಹಿಂದಿಯಲ್ಲಿ ಅದೇ ಹೇಳಿದೆ, ಸ್ವಲ್ಪ ದನಿ ಏರಿಸಿ. ಆಮೇಲೆ ಅಕ್ಕಾರ. ನೆಲದ ಮೇಲೆ ಕೂತು, ಮುರಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನನ್ನು ಕೇಳಿದರು.

"ಅಣ್ಣಾ, ನಿಮ್ಮ ಕಾಲ ಎಲ್ಲಿತ್ರೀ?"

"ಬ್ರೇಕಿನ ಮ್ಯಾಲೇ ಇತ್ರೀ ಅಕ್ಕಾರ. ತಾನ ಹೋತು."

ಮೂರು ಭಾಷೆಯಲ್ಲಿ ಹೇಳಿದ ಸುಳ್ಳಿನಲ್ಲಿ ನಮ್ಮ ಮಾತಿನಲ್ಲಿ ಹೇಳಿದ್ದೇ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಏಕೆಂದರೆ ಅವರು ನಂಬಿದರು. ಇಂಜಿನಿಯರ್ ಕಡೆ ತಿರುಗಿ, ಆ ನೋವಿನಲ್ಲೂ, ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು: ನಮ್ಮ ಶರಣಪ್ಪಣ್ಣ ಸುಳ್ಳು ಹೇಳುವವರಲ್ಲ, ನಿಮ್ಮ ಗಾಡಿಯಲ್ಲೇ ಏನೋ ದೋಷವಿದೆ, ನೋಡಿ. ತಾವು ಹಗಲಿರುಳು ಓಡಾಡಿ ತಂದ ಬಸ್ಸನ್ನು ನನ್ನ ಮಾತಿಗಾಗಿ ತಾವೇ ಕೈಬಿಟ್ಟರು. ಆಗಲಾದರೂ ನಾನು — ಇಲ್ಲ.

ಮುಂದಿನದು ಬೇಗ ಆಯಿತು. ಮಕ್ಕಳ ಜೀವದ ಪ್ರಶ್ನೆ ಎಂದು ಕರೆಸ್ಪಾಂಡೆಂಟ್ ಸಾರ್ ಬಸ್ಸು ಹಿಂದಕ್ಕೆ ಕಳಿಸಿದರು. ನಮ್ಮ ಶಾಲೆಯ ಪಾಲಿನ ನೆರವು ಬೇರೆ ಶಾಲೆಗೆ ಹೋಯಿತು. ಇಂಥ ಬಸ್ಸು ತಂದವರು ಯಾರು ಎಂದು ತಾಯಿತಂದೆಯರು ಕೇಳಿದಾಗ ಎಲ್ಲರ ಕಣ್ಣೂ ಅಕ್ಕಾರ ಕಡೆ ಹೋಯಿತು. ಉಸ್ತುವಾರಿ ಅವರಿಂದ ಹೋಯಿತು, ವರ್ಷದ ಕೊನೆಗೆ ಅವರೇ ಕೆಲಸ ಬಿಟ್ಟರು. ಹೋಗುವ ದಿನವೂ ನನ್ನ ಹತ್ತಿರ ಬಂದು, ಹುಷಾರ್ರೀ ಅಣ್ಣಾ ಎಂದರು. ನನಗೋ, ಮಾನ ಸಿಕ್ಕಿತು! ಸಮಯಕ್ಕೆ ಬ್ರೇಕು ಹಾಕಿ ಅನಾಹುತ ತಪ್ಪಿಸಿದ ಚಾಲಕ ಎಂದು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದರು. ಕಾಶಮ್ಮ ಆ ಶಾಲನ್ನು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಳು. ಯಾರದಾದರೂ ಮದುವೆ ಎಂದರೆ, "ಏನ್ರೀ, ಶಾಲ ಹಾಕ್ಕೊಂಡು ಬರ್ರಿ" ಎನ್ನುತ್ತಿದ್ದಳು. ಸೆಖೆಯಾಗುತ್ತದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಹಳೆಯ ಬಸ್ಸು ಹೊಗೆ ಕಾರುತ್ತ ಓಡುತ್ತಲೇ ಇತ್ತು. ಮಕ್ಕಳು ಟೈ ಒತ್ತಿಕೊಂಡು ಕೂರುತ್ತಲೇ ಇದ್ದರು. ನಾನು ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿಕೊಂಡೆ.

ಹೀಗೆ ಕೆಲವು ವರ್ಷ ಕಳೆದವು. ನನ್ನ ಮೊಮ್ಮಗಳು ಭಾಗ್ಯ ಅದೇ ಶಾಲೆಗೆ ಸೇರಿದಳು. ಒಂದು ಭಾನುವಾರ ನಮ್ಮ ಓಣಿಯಲ್ಲಿ ಮಕ್ಕಳು ಕುರ್ಚಿಗಳನ್ನು ಸಾಲಾಗಿ ಇಟ್ಟುಕೊಂಡು ಆಡುತ್ತಿದ್ದರು. ಆಟದ ಹೆಸರು ದೆವ್ವದ ಬಸ್ಸು. ಒಂದು ಮಗು ದೆವ್ವ, ಬಸ್ಸನ್ನು ತಾನಾಗಿ ಓಡಿಸುತ್ತದೆ. ಇನ್ನೊಂದು ಜಿಗಿದು ಬ್ರೇಕು ಹಾಕುತ್ತದೆ. ಬ್ರೇಕು ಹಾಕುವವಳು ಯಾವಾಗಲೂ ಭಾಗ್ಯಳೇ. ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ.

"ನಾ ಶರಣಪ್ಪ ಮುತ್ಯಾ ಅದೀನಿ! ನಮ್ಮ ಮುತ್ಯಾನೇ ದೆವ್ವದ ಬಸ್ ನಿಂದ್ರಿಸ್ಯಾನ!"

ನನ್ನನ್ನು ಕಂಡು ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಿದರು. ಭಾಗ್ಯ ಓಡಿ ಬಂದು ನನ್ನ ಕಾಲು ಹಿಡಿದುಕೊಂಡಳು — ಆ ಬಲಗಾಲನ್ನೇ. ಅವಳಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ನಗುತ್ತಿದ್ದಳು. ಅವಳೂ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು, ಗೆಳತಿಯರ ಜೊತೆ.

ಅದೇ ದಿನಗಳಲ್ಲಿ ಸರ್ಕಾರ ಮತ್ತೊಮ್ಮೆ ಶಾಲೆಗಳಿಂದ ಅರ್ಜಿ ಕರೆದಿದೆ ಎಂದು ಸುದ್ದಿ ಬಂತು. ಬೇಕೋ ಬೇಡವೋ ಎಂದು ಕೇಳಲು ಕರೆಸ್ಪಾಂಡೆಂಟ್ ಸಾರ್ ತಾಯಿತಂದೆಯರ ಸಭೆ ಇಟ್ಟರು. ಬೇಡ ಎನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ದೆವ್ವದ ಬಸ್ಸು ಯಾರಿಗೆ ಬೇಕು?

ಸಭೆಗೆ ಮೊದಲು ನಾನು ಹಿಮಾಯತ್‌ನಗರಕ್ಕೆ ಹೋದೆ. ಅಲ್ಲಿಯ ಒಂದು ಸಣ್ಣ ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕಾರ ಅಂಗಡಿಸಾಲಿನ ಹಿಂದಿನ ಒಂದು ಹಳೆಯ ಮನೆಯಲ್ಲಿ ಬಾಡಿಗೆಗೆ ಇದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಬರ್ರಿ ಅಣ್ಣಾ, ಕೂಡ್ರಿ ಎಂದು ಒಳಗೆ ಹೋಗಿ ತಟ್ಟೆ ತಂದರು. ಶೇಂಗಾ ಚಟ್ನಿ, ಮೊಸರು, ಅಂಗಡಿಯಿಂದ ತಂದ ಒಣಗಿದ ಕಟಕ್ ರೊಟ್ಟಿ. ನಾನು ರೊಟ್ಟಿಯನ್ನೇ ನೋಡುತ್ತಿದ್ದೆ.

"ಈ ಕೈ ಬಗ್ಗಂಗಿಲ್ರೀ ಅಣ್ಣಾ, ಬಡ್ಯಾಕ ಆಗಂಗಿಲ್ಲ," ಎಂದರು, ದೂರಿನ ದನಿಯಲ್ಲಿ ಅಲ್ಲ, ಹವಾಮಾನದ ಸುದ್ದಿ ಹೇಳುವಂತೆ.

ತುತ್ತು ಮುಟ್ಟಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಹೇಳಿದೆ. "ಅಕ್ಕಾರ, ನನ್ನ ಕಾಲ ಬ್ರೇಕಿನ ಮ್ಯಾಲ ಇರ್ಲಿಲ್ರೀ. ನಾನ ಒತ್ತಿದ್ನಿ." ದಾರಿಯುದ್ದಕ್ಕೂ ಬೇರೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಇಷ್ಟೇ.

ಅವರು ನನ್ನ ತಟ್ಟೆ ಎತ್ತಿ ಒಳಗಿಟ್ಟು ಬಂದರು. ಹೊರಗೆ ರಸ್ತೆಯ ಗದ್ದಲ. ಅಳುತ್ತಾರೇನೋ ಎಂದುಕೊಂಡೆ, ಬೈಯುತ್ತಾರೇನೋ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಹಗುರವನ್ನು ಅವರು ನನಗೆ ಕೊಡಲಿಲ್ಲ, ಕೊಡದಿದ್ದದ್ದೇ ನ್ಯಾಯ.

"ಕೈ ಹೋದ್ರ ಹೋತು, ಅದು ನಿಮ್ಮ ಕೈಮೀರಿ ಆಗಿದ್ದು," ಎಂದರು ಕಡೆಗೆ. ದನಿ ಒಣಗಿತ್ತು. "ಆದ್ರ ಅಂದು ಆ ಇಂಜಿನಿಯರನ ಮುಂದ ನಾ ನಿಮ್ಮ ಆಣಿ ಮಾಡಿ ಹೇಳ್ದಂಗ ಹೇಳಿದ್ನಲ್ರೀ ಅಣ್ಣಾ... ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಎಲ್ಲಿ ಸುಳ್ಳ ಹೇಳೀರಿ, ಅಲ್ಲೇ ಹೋಗಿ ಖರೇ ಹೇಳ್ರಿ."

ಬಾಗಿಲ ತನಕ ಬರಲಿಲ್ಲ. ನಾನೇ ಬಾಗಿಲು ಎಳೆದುಕೊಂಡು ಮೆಟ್ಟಿಲು ಇಳಿದೆ.

ಮನೆಯಲ್ಲಿ ಕಾಶಮ್ಮನಿಗೆ ಹೇಳಿದೆ. ಅವಳು ಎದ್ದು ಹೋಗಿ ಟ್ರಂಕು ತೆಗೆದು ಶಾಲನ್ನು ನನ್ನ ಮುಂದೆ ಎಸೆದಳು. "ಹೊತ್ಕೊಂಡ ಹೋಗ್ರಿ ಅದನ್ನ. ಕೊಟ್ಟವರಿಗೇ ಕೊಡ್ರಿ." ನನ್ನ ಸಂಸಾರದಲ್ಲಿ ಸರಿಯಾದ ಮಾತನ್ನು ಅವಳೇ ಯಾವಾಗಲೂ ಹೇಳುತ್ತಾಳೆ, ನಾನು ಕೇಳುವುದು ಅಪರೂಪ. ಅಂದು ಕೇಳಿದೆ.

ಸಭೆಯಲ್ಲಿ ಬ್ಯಾಟರಿ ಬಸ್ಸು ಬೇಡ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದಾಗ ನಾನು ಎದ್ದು ನಿಂತೆ. ದೆವ್ವದ ಬಸ್ಸನ್ನು ನಿಲ್ಲಿಸಿದ ಶೂರ ಮಾತಾಡುತ್ತಾನೆ ಎಂದು ಎಲ್ಲರೂ ಸುಮ್ಮನಾದರು. ಶಾಲನ್ನು ಮೇಜಿನ ಮೇಲೆ ಇಟ್ಟೆ. ತೆಲುಗಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ. ಗಾಡಿಯಲ್ಲಿ ದೋಷವಿರಲಿಲ್ಲ, ಸುನಂದಾ ಮೇಡಂ ತಪ್ಪಿಲ್ಲ, ಒತ್ತಿದವನು ನಾನೇ, ನನಗೆ ಆ ಬಸ್ಸು ಓಡಿಸಲು ಬರುತ್ತಿರಲಿಲ್ಲ, ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಕೆಲವರು ಕೂಗಾಡಿದರು. ಒಬ್ಬ ತಂದೆ, ಇಂಥವನ ಕೈಗೆ ಮಕ್ಕಳನ್ನು ಕೊಟ್ಟಿದ್ದೆವಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎರಡನೇ ಸಾಲಿನಲ್ಲಿ ನನ್ನ ಸೊಸೆಯ ತೊಡೆಯ ಮೇಲೆ ಭಾಗ್ಯ ಕೂತಿದ್ದಳು. ಅವಳು ನನ್ನನ್ನು ನೋಡುತ್ತಿದ್ದ ರೀತಿ — ಅದನ್ನು ಬರೆಯಲು ನನಗೆ ಬರುವುದಿಲ್ಲ.

ಕರೆಸ್ಪಾಂಡೆಂಟ್ ಸಾರ್ ನನ್ನನ್ನು ಸ್ಟೀರಿಂಗಿನಿಂದ ಇಳಿಸಿದರು. ಪೂರಾ ಕೆಲಸದಿಂದ ತೆಗೆಯಲಿಲ್ಲ. ಬಾಗಿಲ ಹತ್ತಿರ ನಿಂತು ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಕೊಟ್ಟರು. ಆಮೇಲೆ ಅವರೇ ಹಿಮಾಯತ್‌ನಗರಕ್ಕೆ ಹೋಗಿ ಬಸ್ಸಿನ ಅರ್ಜಿ ಹಾಕಲು ಮರಳಿ ಬನ್ನಿ ಎಂದು ಅಕ್ಕಾರನ್ನು ಕೇಳಿಕೊಂಡರು. ಅಕ್ಕಾರ ತಕ್ಷಣ ಒಪ್ಪಲಿಲ್ಲವಂತೆ. ಒಪ್ಪಿದ ಮೇಲೆ ಮಾತ್ರ ಮೊದಲಿನ ಹಾಗೇ, ನಾಂಪಲ್ಲಿಯ ಅವೇ ಮೆಟ್ಟಿಲುಗಳನ್ನು ಮತ್ತೆ ಹತ್ತಿದರು.

ಈ ಸಲದ ದಸರೆಗೆ ಬಸ್ಸುಗಳು ಬಂದವು, ಒಂದಲ್ಲ, ಸಾಲಾಗಿ. ನನ್ನ ಹಳೆಯ ಬಸ್ಸನ್ನು ಗುಜರಿಗೆ ಎಳೆದುಕೊಂಡು ಹೋದಾಗ ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹಿಂದಿನ ಸೀಟು ನೋಡಿ ತಲೆ ತಗ್ಗಿಸಿದೆ.

ಪೂಜೆಯ ದಿನ ಇಳಕಲ್ ಸೀರೆಯ ಅಕ್ಕಾರ ಆರತಿ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಗ್ಗದ ಬಲಗೈಯನ್ನು ಕೆಳಗೆ ಆನಿಸಿಕೊಂಡು ಮೊದಲ ಬಸ್ಸಿನ ಮುಂದೆ ಬಂದು ನಿಂತರು. ಹೊಸ ಡ್ರೈವರ್ ಹತ್ತಲು ಹೊರಟಾಗ ಅವನನ್ನು ತಡೆದರು. ಗುಂಪಿನ ಹಿಂದೆ ನಿಂತಿದ್ದ ನನ್ನನ್ನು ಹೆಸರು ಹಿಡಿದು ಕರೆದರು.

"ಶರಣಪ್ಪಣ್ಣಾ, ನೀವ ಹತ್ರಿ."

ಕರೆಸ್ಪಾಂಡೆಂಟ್ ಸಾರ್ ಏನೋ ಹೇಳಲು ಬಂದರು. ಅಕ್ಕಾರ ಅವರ ಕಡೆ ನೋಡಲೂ ಇಲ್ಲ. ನಾನು ಹತ್ತಿದೆ. ಹಿಂದೆ ಪಾಠ ಹೇಳಿದ ಅದೇ ಇಂಜಿನಿಯರ್ ಪಕ್ಕದಲ್ಲಿ ನಿಂತ. ಮೊದಲಿನಿಂದ ಇನ್ನೊಮ್ಮೆ ಹೇಳಪ್ಪಾ ಎಂದು ಕೇಳಿದೆ, ಹೇಳಿದ, ಈ ಸಲ ಅವನ ಮುಖ ನೋಡುತ್ತಲೇ ಕೇಳಿದೆ. ಕೀಲಿ ತಿರುಗಿಸಿದೆ. ಸದ್ದಿಲ್ಲ. ಹಸಿರು ದೀಪ ಹತ್ತಿತು. ಎಲ್ಲರೂ ಪಕ್ಕಕ್ಕೆ ಸರಿದರು, ಅಕ್ಕಾರ ಒಬ್ಬರು ಬಿಟ್ಟು. ಆರತಿ ಎತ್ತುತ್ತ ಬಸ್ಸಿನ ಎದುರಿಗೇ ನಿಂತಿದ್ದರು.

"ಅಣ್ಣಾ, ನಿಮ್ಮ ಕಾಲ ಎಲ್ಲೈತ್ರೀ?"

"ಬ್ರೇಕಿನ ಮ್ಯಾಲ ಐತ್ರೀ ಅಕ್ಕಾರ."

"ಖರೇನ?"

"ಖರೇನ್ರೀ."

ಆರತಿ ಮುಗಿಸಿದರು. ಅವಸರವಿಲ್ಲದೆ ಮುಗಿಸಿದರು. ಆಮೇಲೆ ಪಕ್ಕಕ್ಕೆ ಸರಿದು ತಲೆಯಾಡಿಸಿದರು.

ಕ್ಷಮಿಸಿದೆ ಎಂದು ಅವರು ಈವರೆಗೂ ಹೇಳಿಲ್ಲ. ನಾನೂ ಕೇಳಿಲ್ಲ, ಕೇಳುವುದೂ ಇಲ್ಲ. ರೊಟ್ಟಿ ಬಡಿದ ದಿನ ಕಾಶಮ್ಮ ಒಂದಿಷ್ಟು ಕಾಗದದಲ್ಲಿ ಸುತ್ತಿ ಕೊಡುತ್ತಾಳೆ, ನಾನು ಅವರ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಹೊಸದಾಗಿ ಸೇರುವ ಡ್ರೈವರುಗಳಿಗೆ ಈ ಕಥೆಯನ್ನು ಮೊದಲ ದಿನವೇ ಹೇಳುತ್ತೇನೆ, ನಾನು ಒತ್ತಿದೆ ಎಂಬಲ್ಲಿಂದಲೇ ಶುರು ಮಾಡುತ್ತೇನೆ. ಭಾಗ್ಯ ಈಗಲೂ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ಬಾಗಿಲಲ್ಲಿ ನಿಂತು ನಾನು ಆ ಕಡೆ ನೋಡುತ್ತೇನೆ. ಟೈ ಕೊರಳಲ್ಲೇ ಇರುತ್ತದೆ.

ಆ ದಿನ ಅಕ್ಕಾರ ತಲೆಯಾಡಿಸಿದ ಮೇಲೆ ನಾನು ಬ್ರೇಕಿನಿಂದ ಕಾಲನ್ನು ಮೆಲ್ಲಗೆ ಎತ್ತಿದೆ. ಬಸ್ಸು ಒಂದು ಗೇಣು ಸರಿಯಿತು. ಎಷ್ಟೋ ದಸರೆಗಳಲ್ಲಿ ಎಷ್ಟೋ ನಿಂಬೆಹಣ್ಣು ಒಡೆದವನು ನಾನು. ಇಂಜಿನ್ನಿನ ಅಬ್ಬರದಲ್ಲಿ ಅದರ ಸದ್ದು ನನಗೆ ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಿತು.